ಆಗಿಬರದ ಕೈ

ನನಗೆ ಸಿಟ್ಟು ಬಂದಿದೆ. ಬಂದು ಎಂಟು ತಿಂಗಳಾಯಿತು, ಇನ್ನೂ ಇಳಿದಿಲ್ಲ. ಇಳಿಯಲಿ ಎಂದು ನಾನೂ ಕಾಯುತ್ತಿಲ್ಲ. ಬಡವನ ಕೋಪ ದವಡೆಗೆ ಮೂಲ ಎನ್ನುತ್ತಾರೆ. ಹೆಂಗಸಿನ ಕೋಪಕ್ಕೆ ಅಷ್ಟು ಮರ್ಯಾದೆಯೂ ಇಲ್ಲ, ಅದನ್ನು ಬಿ.ಪಿ. ಎಂದುಬಿಡುತ್ತಾರೆ. ನನ್ನ ತಮ್ಮ ಫೋನ್ ಮಾಡಿದಾಗಲೆಲ್ಲ "ಅಕ್ಕಾ, ಡಾಕ್ಟ್ರಿಗೆ ತೋರಿಸ್ಕೊಂಡ್ಯಾ?" ಎಂದು ಕೇಳುತ್ತಾನೆ. ನನಗೆ ಯಾವ ಕಾಯಿಲೆಯೂ ಇಲ್ಲ. ಇರುವುದು ಸಿಟ್ಟು, ಅದಕ್ಕೆ ಕಾರಣ ಅವನಿಗೂ ಗೊತ್ತು.

ನಾನು ಚಿಂತಾಮಣಿಯ ಒಂದು ಕಾಲೇಜಿನಲ್ಲಿ ಬಹಳ ವರ್ಷಗಳಿಂದ ಸಮಾಜಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಪ್ರತಿ ವರ್ಷ ಮೊದಲ ಸೆಮಿಸ್ಟರಿನಲ್ಲಿ 'ಸ್ವ' ಎಂಬ ಅಧ್ಯಾಯ ಬರುತ್ತದೆ. ಹುಟ್ಟುವ ಮಗು 'ನಾನು' ಎಂಬುದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಬರುವುದಿಲ್ಲ. ಸುತ್ತಲಿನವರು ತನ್ನನ್ನು ಹೇಗೆ ನೋಡುತ್ತಿದ್ದಾರೆ ಎಂದು ಅದು ಊಹಿಸುತ್ತದೆ, ಆ ಊಹೆಯನ್ನೇ ತಾನು ಎಂದು ನಂಬುತ್ತದೆ. ಜನರೇ ನಮಗೆ ಕನ್ನಡಿ. ಇಷ್ಟನ್ನು ನಾನು ನೋಟ್ಸ್ ತೆರೆಯದೆ ಹೇಳಬಲ್ಲೆ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು "ಮೇಡಂ, ಕನ್ನಡೀನೇ ಸೊಟ್ಟ ಇದ್ರೆ?" ಎಂದಳು. "ಅದು ಪರೀಕ್ಷೆಗೆ ಬರಲ್ಲ, ಕೂತ್ಕೊಳಮ್ಮ" ಎಂದೆ. ಎಲ್ಲರೂ ನಕ್ಕರು, ಅವಳು ಕೂತಳು. ಆ ಅಧ್ಯಾಯದಲ್ಲಿ ಕೇಳಬೇಕಾದದ್ದು ಅದೊಂದೇ ಪ್ರಶ್ನೆ ಎಂದು ಗೊತ್ತಾಗುವ ಹೊತ್ತಿಗೆ ನನಗೆ ಐವತ್ತು ದಾಟಿತ್ತು.

ನನ್ನ ತವರು ಜಂಗಮಕೋಟೆಯ ಹತ್ತಿರ ಒಂದು ಹಳ್ಳಿ. ನಮ್ಮದು ಹುಳು ಸಾಕುವ ಮನೆ. ರೇಷ್ಮೆ ಎಂದರೆ ಪೇಟೆಯವರಿಗೆ ಸೀರೆ ನೆನಪಾಗುತ್ತದೆ, ನಮಗೆ ಹುಳು. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಬಿಡುವ ಮೊದಲು ಮೇವು ನಿಲ್ಲಿಸಿ, ತಲೆ ಎತ್ತಿಕೊಂಡು, ಒಂದು ದಿನದ ಮಟ್ಟಿಗೆ ಅಲ್ಲಾಡದೆ ಇರುತ್ತದೆ. ನಮ್ಮ ಕಡೆ ಇದಕ್ಕೆ ಜ್ವರಕ್ಕೆ ಕೂತಿವೆ ಎನ್ನುತ್ತಾರೆ. ಜ್ವರ ಎದ್ದ ಹುಳುವಿಗೆ ಹಾಕುವ ಮೊದಲ ಹಿಪ್ಪುನೇರಳೆ ಸೊಪ್ಪನ್ನು ನಮ್ಮ ಮನೆಯಲ್ಲಿ ಯಾರೆಂದರೆ ಅವರು ಹಾಕುವಂತಿರಲಿಲ್ಲ. ಕೈಗುಣ ಇರುವವರು ಹಾಕಬೇಕು, ಅವರ ಕೈ ಆಗಿಬರಬೇಕು. ನನಗೆ ಏಳು ವರ್ಷವಾದಾಗ ಅಜ್ಜಿ ನನ್ನಿಂದ ಒಂದು ಸಲ ಹಾಕಿಸಿ ನೋಡಿದಳು. ಆ ಬೆಳೆಯಲ್ಲಿ ಗೂಡು ಗಟ್ಟಿಯಾಗಿ ಬಂತು. ಅಲ್ಲಿಂದ ಎರಡು ವರ್ಷ ಪ್ರತಿ ಬೆಳೆಗೂ ನನ್ನನ್ನು ಮೀಸಿ, ಹೊಸ ಲಂಗ ಉಡಿಸಿ, ಹುಳದ ಮನೆಗೆ ಕರೆದುಕೊಂಡು ಹೋಗುತ್ತಿದ್ದರು. ತಟ್ಟೆಗಳ ಮುಂದೆ ನಾನು ನಿಂತರೆ ದೊಡ್ಡವರೆಲ್ಲ ನನ್ನ ಹಿಂದೆ ನಿಲ್ಲುತ್ತಿದ್ದರು. ನನಗೆ ಎಷ್ಟು ಜಂಬವಿತ್ತು ಎಂದರೆ ಶಾಲೆಯಲ್ಲಿ ಬಲಗೈಯನ್ನು ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ.

ಒಂಬತ್ತನೇ ವಯಸ್ಸಿನಲ್ಲಿ, ನಾಲ್ಕನೇ ಜ್ವರ ಎದ್ದ ಹುಳುವಿಗೆ ನಾನು ಮೊದಲ ಸೊಪ್ಪು ಹಾಕಿದೆ. ಸೊಪ್ಪನ್ನು ಅಮ್ಮ ಬೆಳಿಗ್ಗೆ ಕೊಯ್ದು ತಂದಿದ್ದಳು. ಬೆರಳುದ್ದ ಬೆಳೆದ ಹುಳು, ಇನ್ನು ಒಂದು ವಾರ ಮೇದರೆ ಗೂಡು ಕಟ್ಟುವಂಥದ್ದು. ಮಧ್ಯಾಹ್ನದ ಹೊತ್ತಿಗೆ ಅವು ಸೊಪ್ಪು ಬಿಟ್ಟು ತಲೆಯನ್ನು ಆ ಕಡೆ ಈ ಕಡೆ ಹೊಯ್ದಾಡಿಸತೊಡಗಿದವು. ಬಾಯಿಂದ ಹಸಿರು ನೀರು ಬಂತು. ಸಂಜೆಗೆ ಮೈ ಕುಗ್ಗಿ, ಮುಟ್ಟಿದರೆ ಮೆತ್ತಗೆ ಆಗಿದ್ದವು. ಅಮ್ಮ ಮಂಕರಿ ಮಂಕರಿ ಹೊತ್ತು ತಿಪ್ಪೆಯ ಪಕ್ಕದ ಗುಂಡಿಗೆ ಸುರಿದಳು. ಅವಳ ಹಿಂದೆ ಹಿಂದೆ ನಾನೂ ಓಡಾಡಿದೆ, ಒಂದಾದರೂ ಬದುಕಿರಬಹುದು ಎಂದು.

ಜಗಲಿಯ ಮೇಲೆ ಅಜ್ಜಿ, ಅಪ್ಪ, ದೊಡ್ಡಪ್ಪ ಕೂತಿದ್ದರು. ಮೂವರೂ ಬಾವಿಯ ಕಡೆ ನೋಡುತ್ತಿದ್ದರು. ಕೊನೆಗೆ ಅಜ್ಜಿ ನನ್ನನ್ನು ನೋಡಿ "ಇವಳ ಕೈ ಇನ್ನು ಆಗ್ಬರಲ್ಲ" ಎಂದಳು. ಅಪ್ಪ ನೆಲ ನೋಡಿದ. ದೊಡ್ಡಪ್ಪ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ತಲೆ ಸವರಿ, "ಪಾಪ, ಮಗು ಏನ್ ಮಾಡ್ತದೆ, ಅದರ ಕೈಗುಣ ಹಂಗಾಯ್ತು, ಬೈಬೇಡ್ರಪ್ಪ" ಎಂದ. ಮಾರನೇ ದಿನ ತನ್ನ ತೋಟದಿಂದ ಒಂದು ಗೊಂಚಲು ದ್ರಾಕ್ಷಿ ತಂದುಕೊಟ್ಟ. ನಾನು ತೊಳೆದುಕೊಂಡು ತಿಂದೆ. ಆ ಮನೆಯಲ್ಲಿ ನನ್ನ ಪರವಾಗಿ ಮಾತಾಡಿದವನು ಅವನೊಬ್ಬನೇ ಎಂದು ನಲವತ್ತು ವರ್ಷ ನಂಬಿದ್ದೆ.

ಯಾರೂ ನನಗೆ ಹೊಡೆಯಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಎದುರು ಮಾತಾಡಬಹುದಿತ್ತು. ಹುಳದ ಮನೆಯ ಬಾಗಿಲಿಗೆ ಹೋದರೆ "ನೀನು ಆಚೆ ಆಡ್ಕೋ ಹೋಗಮ್ಮ" ಎಂದು ಮೆತ್ತಗೆ ಹೇಳುತ್ತಿದ್ದರು. ಅವರೆಬೀಜ ಬಿತ್ತುವಾಗ ನನ್ನನ್ನು ಬದುವಿನ ಮೇಲೆ ಕೂರಿಸುತ್ತಿದ್ದರು. ಚಿಕ್ಕಮ್ಮನ ಮದುವೆಯಲ್ಲಿ ಅರಿಶಿನ ಹಚ್ಚಲು ಎಲ್ಲ ಹೆಣ್ಣುಮಕ್ಕಳ ಕೈಗೂ ಬಟ್ಟಲು ಬಂತು, ನನ್ನ ಮುಂದಿನಿಂದ ಹಾಗೇ ದಾಟಿ ಹೋಯಿತು. ಒಂದೆರಡು ವರ್ಷದಲ್ಲಿ ಅವರು ಹೇಳುವ ಅಗತ್ಯವೇ ಉಳಿಯಲಿಲ್ಲ. ಎಲ್ಲಿ ಏನು ಶುರುವಾಗುತ್ತಿದ್ದರೂ ನನ್ನ ಕೈ ತಾನಾಗಿ ಬೆನ್ನ ಹಿಂದೆ ಹೋಗುತ್ತಿತ್ತು.

ಇದಕ್ಕೆ ನಮ್ಮ ಶಾಸ್ತ್ರದಲ್ಲಿ ಒಂದು ಮಾತಿದೆ, ಹಣೆಪಟ್ಟಿ. ಮೊದಲು ಬೇರೆಯವರು ಹಚ್ಚುತ್ತಾರೆ, ಆಮೇಲೆ ಹಚ್ಚಿಸಿಕೊಂಡವನೇ ಅದನ್ನು ಜೋಪಾನ ಮಾಡುತ್ತಾನೆ. ಹತ್ತು ಅಂಕದ ಪ್ರಶ್ನೆ. ಎಷ್ಟೋ ಸಾವಿರ ಉತ್ತರಪತ್ರಿಕೆಗಳಲ್ಲಿ ಅದಕ್ಕೆ ಅಂಕ ಹಾಕಿದ್ದೇನೆ. ಕಳ್ಳ ಎಂದು ಕರೆಸಿಕೊಂಡ ಹುಡುಗನ ಉದಾಹರಣೆ ಕೊಡುತ್ತಿದ್ದೆ, ದಡ್ಡಿ ಎನ್ನಿಸಿಕೊಂಡವಳದ್ದು ಕೊಡುತ್ತಿದ್ದೆ. ನನ್ನ ಕೈಯದು ಒಮ್ಮೆಯೂ ನೆನಪಾಗಲಿಲ್ಲ. ಏಕೆಂದರೆ ಅದು ಉದಾಹರಣೆ ಎಂದು ನನಗೆ ಅನ್ನಿಸಿರಲೇ ಇಲ್ಲ. ಕಳ್ಳ ಎಂಬುದು ಜನ ಅಂದ ಮಾತು, ನನ್ನದು ನಡೆದ ಸಂಗತಿ. ಹುಳು ಸತ್ತದ್ದನ್ನು ನನ್ನ ಕಣ್ಣಾರೆ ನೋಡಿದ್ದೆನಲ್ಲ.

ನಾಚಿಕೆಯ ಸಂಗತಿ ಒಂದಿದೆ, ಅದನ್ನೂ ಹೇಳಿಬಿಡುತ್ತೇನೆ. ಚಿಂತಾಮಣಿಯಲ್ಲಿ ನಾವು ಮನೆ ಕಟ್ಟಿಸಿದಾಗ ಗೃಹಪ್ರವೇಶದ ಹಾಲನ್ನು ನಾನು ಒಲೆಯ ಮೇಲೆ ಇಡಲಿಲ್ಲ. ಪಕ್ಕದ ಮನೆಯ ಮುಸ್ಲಿಂ ಹೆಂಗಸನ್ನು ಕರೆದು ಇಡಿಸಿದೆ. ಆಕೆಯ ಗಂಡನಿಗೆ ಗೂಡಿನಿಂದ ನೂಲು ತೆಗೆಯುವ ಘಟಕವಿತ್ತು, ಆಕೆ ಕೈಯಿಟ್ಟದ್ದೆಲ್ಲ ಚೆನ್ನಾಗಿ ಆಗುತ್ತದೆ ಎಂದು ಬೀದಿಯಲ್ಲಿ ಹೆಸರಿತ್ತು. "ನಿಮ್ಮನೆ ಹಾಲು ನೀವೇ ಉಕ್ಕಿಸ್ಬೇಕಲ್ವಾ, ಟೀಚರ್?" ಎಂದು ಆಕೆ ಹಿಂಜರಿದಳು. ನಾನು ಬಲವಂತ ಮಾಡಿದೆ. ನನ್ನ ನೆಂಟರು ಮುಖ ಗಂಟು ಹಾಕಿಕೊಂಡರು. ಕಾಲೇಜಿನಲ್ಲಿ ಮಾತ್ರ ಎಲ್ಲರೂ ಹೊಗಳಿದರು. ಎಂಥ ವಿಚಾರವಂತೆ, ಪಾಠ ಮಾಡಿದಂತೆ ಬದುಕುವವರು ಎಂದು ಒಬ್ಬರು ಸಭೆಯಲ್ಲೇ ಹೇಳಿದರು. ನಾನು ಕೈಮುಗಿದೆ. ಊರಿನವರ ಕನ್ನಡಿಯಲ್ಲಿ ಅಪಶಕುನ, ಕಾಲೇಜಿನವರ ಕನ್ನಡಿಯಲ್ಲಿ ಕ್ರಾಂತಿಕಾರಿ. ನಿಜವಾಗಿ ಅಲ್ಲಿ ನಿಂತಿದ್ದವಳು ಸ್ವಂತ ಒಲೆಗೆ ಹೆದರಿದ ಒಬ್ಬ ಹೆಂಗಸು.

ಎಂಟು ತಿಂಗಳ ಹಿಂದೆ ನನ್ನ ತಮ್ಮ ತೋಟದಲ್ಲಿ ಹೊಸ ಹುಳದ ಮನೆ ಕಟ್ಟಿಸಿದ. ಈಗ ಮೊಟ್ಟೆ ತಂದು ಮನೆಯಲ್ಲಿ ಮರಿ ಮಾಡಿಸುವ ಕಾಲ ಹೋಯಿತು, ಎರಡನೇ ಜ್ವರ ಎದ್ದ ಹುಳುವನ್ನೇ ತರುತ್ತಾರೆ. ಆ ದಿನ ಮೊದಲ ಸೊಪ್ಪು ಹಾಕುವುದಿತ್ತು. ನನ್ನನ್ನೂ ಮಗಳನ್ನೂ ಕರೆದಿದ್ದ. ಮಗಳು ಗೌರಿಬಿದನೂರಿನ ಒಂದು ಶಾಲೆಯಲ್ಲಿ ಒಂದನೇ ತರಗತಿಯ ಟೀಚರ್, ಅಲ್ಲಿಂದ ಬಸ್ಸಿನಲ್ಲಿ ಬಂದಳು. ಅಜ್ಜಿ, ಅಪ್ಪ ಇಬ್ಬರೂ ಈಗಿಲ್ಲ. ಅಮ್ಮ ಇದ್ದಳು. ಎಂಬತ್ತು ದಾಟಿದ ದೊಡ್ಡಪ್ಪನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಬಂದಿದ್ದರು. ಪೂಜೆ ಮುಗಿಯಿತು. ಸೊಪ್ಪಿನ ಮಂಕರಿ ಬಂತು. ನಾನು ಎಂದಿನಂತೆ ಬಾಗಿಲ ಆಚೆ ನಿಂತಿದ್ದೆ.

ದೊಡ್ಡಪ್ಪ ಸುತ್ತ ನೋಡಿ, ಸಂತೋಷವಾಗಿ, ತಮ್ಮನಿಗೆ ಹೇಳಿದ: "ಈಗ ಭಯ ಇಲ್ಲ ಬಿಡಪ್ಪ, ಪಕ್ಕದಾಗೆ ದ್ರಾಕ್ಷಿ ಇಲ್ಲ. ಅವತ್ತು ನಾನು ದ್ರಾಕ್ಷಿಗೆ ಔಷಧಿ ಹೊಡೀತಿದ್ರೆ ಗಾಳಿ ಹಂಗೇ ನಿಮ್ಮ ಸೊಪ್ಪಿನ ಕಡೀಕೆ ತಿರುಗ್ತು. ಪೂರಾ ಬೆಳೆ ಹೋಯ್ತು. ಪಾಪ, ತಪ್ಪು ಈ ಮಗೀನ್ ಕೈ ಮೇಲೆ ಹಾಕಿದ್ರು!" ಹೇಳಿ ನಕ್ಕ. ಹಲ್ಲಿಲ್ಲದ ಬಾಯಿ ತೆರೆದು, ಏನೋ ಹಳೆಯ ತಮಾಷೆ ಎಂಬಂತೆ. ತಮ್ಮನೂ ಮುಗುಳ್ನಕ್ಕ.

"ಏನಂದ್ರಿ ದೊಡ್ಡಪ್ಪ?" ಎಂದೆ.

ಉತ್ತರ ಕೊಟ್ಟದ್ದು ಅಮ್ಮ. "ಅಯ್ಯೋ, ಅದು ನಿಂಗೆ ಗೊತ್ತಿರ್ಲಿಲ್ವಾ?"

ಈ ಎಂಟು ತಿಂಗಳಲ್ಲಿ ನನ್ನನ್ನು ಸುಡುತ್ತಿರುವುದು ಆ ಔಷಧಿಯಲ್ಲ. ಗಾಳಿ ತಿರುಗುತ್ತದೆ, ಮನುಷ್ಯ ತಪ್ಪು ಮಾಡುತ್ತಾನೆ. ನನ್ನನ್ನು ಸುಡುತ್ತಿರುವುದು 'ಗೊತ್ತಿರ್ಲಿಲ್ವಾ' ಎಂಬ ಆ ಮಾತು. ಹುಳು ಸಾಕುವ ಯಾವ ಮನೆಯವರಿಗೂ ಹುಳು ಹಸಿರು ನೀರು ಕಕ್ಕಿದರೆ ಸೊಪ್ಪಿಗೆ ಔಷಧಿ ತಗುಲಿದೆ ಎಂದು ಗೊತ್ತು. ಆ ಸಂಜೆ ಜಗಲಿಯ ಮೇಲೆ ಕೂತ ಮೂವರಿಗೂ ಗೊತ್ತಿತ್ತು, ಗುಂಡಿಗೆ ಸುರಿಯುತ್ತಿದ್ದ ಅಮ್ಮನಿಗೂ ಗೊತ್ತಿತ್ತು. ತಮ್ಮನಿಗೆ ಮೀಸೆ ಬಂದ ಮೇಲೆ ಅಪ್ಪ ಹೇಳಿದ್ದನಂತೆ. "ನಿಂಗೂ ಗೊತ್ತು ಅನ್ಕೊಂಡಿದ್ದೆ ಅಕ್ಕಾ" ಎಂದ. ಇಡೀ ಮನೆಗೆ ಗೊತ್ತಿದ್ದ ಸುಳ್ಳನ್ನು ನಾನೊಬ್ಬಳು ನಿಜವೆಂದು ಬದುಕುತ್ತಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು, ಆಮೇಲೆ ಎಮ್ಮೆಗೆ ಹೇಳುವುದನ್ನು ಮರೆತರು.

ಅಮ್ಮನನ್ನು ಆಚೆ ಕರೆದುಕೊಂಡು ಹೋಗಿ ಕೇಳಿದೆ. ನನ್ನ ದನಿ ಏರಿತ್ತು, ಅವಳದು ಏರಲಿಲ್ಲ.

"ಬಾವಿ ನಿಮ್ಮ ದೊಡ್ಡಪ್ಪನ ಪಾಲಿನಾಗಿತ್ತು ಕಣಮ್ಮ. ನೀರು ಅವರದು. ಅವರ ಮ್ಯಾಲೆ ತಪ್ಪು ಹೊರಿಸಿದ್ರೆ ಮಾರನೇ ದಿನಾನೇ ನೀರು ನಿಲ್ತಿತ್ತು. ಸೊಪ್ಪು ಒಣಗ್ತಿತ್ತು. ಏನ್ ಮಾಡೋಕಾಗ್ತಿತ್ತು?"

"ಅದಕ್ಕೆ ನನ್ನ ಮೇಲೆ ಹೊರಿಸಿದ್ರಾ?"

"ನಾನು ಹೊರಿಸ್ಲಿಲ್ಲ. ನಿಮ್ಮಜ್ಜಿ ಅಂದ್ರು, ನಾನು ಸುಮ್ನಿದ್ದೆ. ನೀನು ಹೆಣ್ಮಗಳು, ಮದ್ವೆ ಆಗಿ ಹೋಗೋಳು. ನಿನ್ನ ಕೈ ಈ ಮನೇಗೆ ಎಷ್ಟು ದಿನ ಬೇಕಿತ್ತು?"

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇಬ್ಬರು ಅಣ್ಣತಮ್ಮಂದಿರು ಮಾತು ಬಿಡಬಾರದು, ಸೊಪ್ಪಿಗೆ ನೀರು ನಿಲ್ಲಬಾರದು. ಅದಕ್ಕೆ ಮನೆಯಲ್ಲಿ ಯಾರು ಅಗ್ಗವೋ ಅವರನ್ನು ಕೊಟ್ಟರು. ನಾನು ತರಗತಿಯಲ್ಲಿ 'ಸಮಾಜ ವ್ಯಕ್ತಿಯನ್ನು ರೂಪಿಸುತ್ತದೆ' ಎಂದು ಹೇಳುತ್ತೇನಲ್ಲ, ಕೇಳಲು ಎಷ್ಟು ಸಭ್ಯವಾಗಿದೆ ಆ ವಾಕ್ಯ. ಸಮಾಜ ಎಂದರೆ ಯಾರೋ ಅಲ್ಲ. ಜಗಲಿಯ ಮೇಲೆ ಕೂತು ಬಾವಿಯ ಕಡೆ ನೋಡಿ, ಆಮೇಲೆ ಒಂಬತ್ತು ವರ್ಷದ ಹುಡುಗಿಯ ಕಡೆ ನೋಡಿದ ಮೂರು ಜನ.

ನಾನು ಅಳುತ್ತಿದ್ದೆ. ಅಮ್ಮನಿಗೆ ಸಮಾಧಾನ ಮಾಡಬೇಕು ಅನ್ನಿಸಿತು. ಅವಳು ದಿನಾ ಬೆಳಿಗ್ಗೆ ಟಿ.ವಿ.ಯಲ್ಲಿ ಒಬ್ಬ ಸ್ವಾಮಿಗಳ ಪ್ರವಚನ ಕೇಳುತ್ತಾಳೆ. "ಕೈ ಏನು ಕೈ, ಬಿಡಮ್ಮ. ಈ ದೇಹಾನೇ ನಾವಲ್ಲ ಅಂತಾರೆ ಸ್ವಾಮಿಗಳು. ಒಳಗಿರೋ ಆತ್ಮಕ್ಕೆ ಯಾವುದೂ ಅಂಟಲ್ಲವಂತೆ" ಎಂದಳು.

"ಆತ್ಮಕ್ಕೆ ಅಂಟಲ್ಲ ಅಂದ್ರೆ ಅವತ್ತು ನನ್ನ ಕೈಗೆ ಯಾಕಮ್ಮ ಅಂಟಿಸಿದ್ರಿ?" ಎಂದು ಕೂಗಿದೆ. ಅದ್ವೈತದ ಮೇಲೆ ನನಗೆ ಜಗಳವಿಲ್ಲ. ನೀನು ದೇಹವಲ್ಲ ಎಂಬುದು ದೊಡ್ಡ ಮಾತೇ ಇರಬಹುದು. ಆದರೆ ಅದನ್ನು ಹೇಳುವವರು ಯಾವಾಗಲೂ ಏಟು ಬಿದ್ದವನ ಹತ್ತಿರ ಬಂದು ಹೇಳುತ್ತಾರೆ, ಹೊಡೆಯುವವನ ಹತ್ತಿರ ಹೋಗಿ ಹೇಳಿದ್ದನ್ನು ನಾನು ನೋಡಿಲ್ಲ. ಬಾವಿ ನಮ್ಮದಲ್ಲ, ದೇಹವೇ ನಮ್ಮದಲ್ಲ ಎಂದು ಅವತ್ತು ದೊಡ್ಡಪ್ಪನಿಗೆ ಯಾರಾದರೂ ಉಪದೇಶ ಮಾಡಿದ್ದರೆ ನನ್ನ ಬಾಲ್ಯ ಉಳಿಯುತ್ತಿತ್ತು.

ಕೂಗಿದ್ದು ಒಳಗೆ ಕೇಳಿರಬೇಕು. ದೊಡ್ಡಪ್ಪ ಕುರ್ಚಿಯಿಂದಲೇ "ಪೋನೀಲೇಮ್ಮಾ, ಪೋನೀಲೇ" ಎಂದ. ಹೋಗಲಿ ಬಿಡು ಎಂಬುದನ್ನು ನಮ್ಮ ಮನೆಯ ದೊಡ್ಡವರು ಯಾವಾಗಲೂ ತೆಲುಗಿನಲ್ಲೇ ಹೇಳುತ್ತಾರೆ. ನಾನು ಅವನ ಮುಂದೆ ಹೋಗಿ ನಿಂತು, "ಯಾವುದು ಹೋಗ್ಲಿ ದೊಡ್ಡಪ್ಪ? ಹೇಳಿ, ಯಾವುದು ಹೋಗ್ಲಿ?" ಎಂದೆ. ಅವನು ನಗುವುದನ್ನು ನಿಲ್ಲಿಸಿದ. ಕಣ್ಣು ಮಿಟುಕಿಸುತ್ತ ತಮ್ಮನ ಮುಖ ನೋಡಿದ. ವಯಸ್ಸಾದ ಮುದುಕನ ಮೇಲೆ ರೇಗುತ್ತಿದ್ದಾಳೆ ಎಂದು ನೆರೆದವರಿಗೆ ನನ್ನ ಮೇಲೆಯೇ ಬೇಸರವಾಯಿತು. ಅದೂ ನನಗೆ ಕಂಡಿತು.

ತಮ್ಮ ಕೆಟ್ಟವನಲ್ಲ. ಅವನಿಗೆ ನಾಚಿಕೆಯಾಗಿತ್ತು. ಮಂಕರಿಯನ್ನು ನನ್ನ ಮುಂದೆ ತಂದಿಟ್ಟು, "ಅಕ್ಕಾ, ಇವತ್ತು ನೀನೇ ಹಾಕು. ನೀನು ಹಾಕಿದ್ಮೇಲೇನೇ ಬೇರೆಯೋರು" ಎಂದ. ಎಲ್ಲರೂ ಹೌದು ಹೌದು ಎಂದರು. ನಾನು ಒಳಗೆ ಹೋದೆ. ನಲವತ್ತು ವರ್ಷದ ಮೇಲೆ ಹುಳದ ಮನೆಯ ಹೊಸ್ತಿಲು ದಾಟಿದೆ. ಒಂದು ಹಿಡಿ ಸೊಪ್ಪು ತೆಗೆದುಕೊಂಡೆ. ಹಾಸಿನ ಮೇಲೆ ಸಣ್ಣ ಹುಳುಗಳು ಹಸಿದು ತಲೆ ಎತ್ತಿದ್ದವು.

ನನ್ನ ಕೈ ಮುಂದೆ ಹೋಗಲಿಲ್ಲ. ಸುಳ್ಳೆಂದು ಗೊತ್ತಿತ್ತು, ಈಗಷ್ಟೇ ಸಾಕ್ಷಿ ಸಮೇತ ಗೊತ್ತಾಗಿತ್ತು. ನನ್ನ ವಿಷಯವೇ ಅದು, ಅದಕ್ಕೇ ನನಗೆ ಸಂಬಳ. ಆದರೂ ಹೋಗಲಿಲ್ಲ. ಇವು ಸತ್ತರೆ ಎಂಬ ಯೋಚನೆ ಎಲ್ಲಿಂದಲೋ ಬಂತು. ಪುಸ್ತಕಗಳು ತಲೆಗೆ ಕಲಿಸಿದ್ದವು, ಕೈಗೆ ಯಾರೂ ಪಾಠ ಮಾಡಿರಲಿಲ್ಲ. ನನ್ನನ್ನು ನಾನು ಅರಿತುಕೊಂಡೆ ಎನ್ನುವುದಕ್ಕೂ ನಾನು ಬದಲಾದೆ ಎನ್ನುವುದಕ್ಕೂ ನಡುವೆ ಎಷ್ಟು ದೂರವಿದೆ ಎಂದು ಆ ಹಾಸಿನ ಮುಂದೆ ನಿಂತಾಗ ತಿಳಿಯಿತು. ಸೊಪ್ಪನ್ನು ಮತ್ತೆ ಮಂಕರಿಗೆ ಹಾಕಿದೆ. ಎಲ್ಲರ ಮುಂದೆ ಸೋತೆ, ಆ ಸಿಟ್ಟು ಬೇರೆ.

ತಮ್ಮನಿಗೆ ಏನು ಮಾಡಬೇಕೋ ತೋಚಲಿಲ್ಲ. ಅತ್ತಿತ್ತ ನೋಡಿ ನನ್ನ ಮಗಳನ್ನು ಕರೆದ. "ಬಾ ಪುಟ್ಟಿ, ನಿಮ್ಮಮ್ಮನ ಬದಲು ನೀನು ಹಾಕು."

ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಎರಡೂ ಕೈ ಬೆನ್ನ ಹಿಂದೆ ಹೋದವು. "ಬೇಡ ಮಾಮ, ನಂದೂ ಅಮ್ಮನ ಕೈಯೇ" ಎಂದಳು, ಬಹಳ ಸಹಜವಾಗಿ, ನನಗೆ ಕಾಫಿ ಬೇಡ ಎನ್ನುವ ಹಾಗೆ.

ಕೊನೆಗೆ ತಮ್ಮನ ಹೆಂಡತಿ ಸೊಪ್ಪು ಹಾಕಿದಳು. ನಾನು ಮಗಳನ್ನು ಆಚೆ ಬೇವಿನ ಮರದ ಹತ್ತಿರ ಕರೆದುಕೊಂಡು ಹೋದೆ. ಅವಳಿಗೆ ಆ ಹಳೆಯ ಕಥೆಯನ್ನು ನಾನು ಎಂದೂ ಹೇಳಿರಲಿಲ್ಲ. ಹೇಳಬಾರದು ಎಂದೇ ಹೇಳಿರಲಿಲ್ಲ, ಅದು ನನ್ನೊಂದಿಗೇ ಮುಗಿಯಲಿ ಎಂದುಕೊಂಡಿದ್ದೆ.

"ಯಾರು ಹೇಳಿದ್ರೇ ನಿಂಗೆ? ನಮ್ಮಮ್ಮ ಹೇಳಿದ್ಲಾ?"

"ಯಾರೂ ಹೇಳ್ಲಿಲ್ಲಮ್ಮ. ನೋಡ್ತಾ ಇದ್ದೆ ಅಲ್ವಾ. ಉಪ್ಪಿನಕಾಯಿಗೆ ಮೊದ್ಲು ಉಪ್ಪು ಹಾಕೋಕೆ ನೀನು ಬೇರೆ ಯಾರನ್ನಾದ್ರೂ ಕರೀತಿದ್ದೆ. ನನ್ನ ಹೊಸ ನೋಟ್‌ಬುಕ್ ಮೇಲೆ ಹೆಸ್ರು ಬರೀ ಅಂದ್ರೆ ಅಪ್ಪನ ಹತ್ರ ಬರೆಸ್ಕೋ ಅಂತಿದ್ದೆ. ನಾನು ಏನಾದ್ರೂ ಶುರು ಮಾಡೋಕೆ ಹೋದ್ರೆ ನಿನ್ನ ಮುಖ ಒಂಥರಾ ಆಗೋದು. ನಮ್ಮ ಕೈ ಹಂಗೆ ಅಂತ ನಂಗೆ ಚಿಕ್ಕೋಳಿದ್ದಾಗ್ಲೇ ಗೊತ್ತಾಯ್ತು."

ಆ ಸಂಜೆಯ ಜಗಲಿ, ಬಾವಿ, ಗಾಳಿ ಎಲ್ಲವನ್ನೂ ಹೇಳಿದೆ. ಎಲ್ಲ ಸುಳ್ಳು ಕಣೇ, ಎಲ್ಲ ಸುಳ್ಳು ಎಂದೆ. ಅವಳು ತಲೆಯಾಡಿಸುತ್ತ ಕೇಳಿದಳು, ನನ್ನ ಕಣ್ಣು ಒರೆಸಿದಳು. ಆಮೇಲೆ, ಕೇಳಲೋ ಬೇಡವೋ ಎಂಬಂತೆ, "ಹಾಗಾದ್ರೆ ಶಾಲೇಲಿ ನಾನು ಹಿಡೀಬಹುದಿತ್ತಾ?" ಎಂದಳು.

"ಏನನ್ನ?"

"ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ಹೊಸ ಮಕ್ಕಳು ಬರ್ತಾವಲ್ಲ, ಮೊದಲ್ನೇ ದಿನ ಕೈ ಹಿಡಿದು ಅಕ್ಕಿ ಮೇಲೆ ಅಕ್ಷರ ಬರೆಸ್ತಾರೆ. ನಾನು ಹಿಡಿಯಲ್ಲಮ್ಮ. ಪಕ್ಕದ ಕ್ಲಾಸಿನ ಮೇಡಂನ ಕರೀತೀನಿ. ಐದು ವರ್ಷದಿಂದ ಒಂದು ಮಗೀನ ಕೈನೂ ಹಿಡಿದಿಲ್ಲ. ಮಕ್ಕಳಿಗೆ ಒಳ್ಳೇದಾಗ್ಲಿ ಅಂತ."

ದೊಡ್ಡಪ್ಪನಿಗೆ ಗಾಳಿಯ ನೆಪವಿತ್ತು, ಅಮ್ಮನಿಗೆ ನೀರಿನ ನೆಪವಿತ್ತು. ನಾನು ಓದಿದವಳು, ಸ್ವಂತ ಮನೆ, ಸ್ವಂತ ಸಂಬಳ. ನನಗೆ ಯಾರ ಬಾವಿಯ ಹಂಗೂ ಇರಲಿಲ್ಲ, ಆದರೂ ಇವಳಿಗೆ ಈ ಕೈ ಕೊಟ್ಟವಳು ನಾನು.